ಸರಿಯುವ ಪುಟ, ಸರಿಯದ ಪಟ್ಟಿ

ಚಲನೆ ಎಂಬುದು ಸಾಪೇಕ್ಷವಾದುದು. ಈ ಮಾತನ್ನು ಭೌತವಿಜ್ಞಾನದ ಮೊದಲ ಪಾಠಗಳಲ್ಲೇ ವಿದ್ಯಾರ್ಥಿಗಳು ಕೇಳುತ್ತಾರೆ. ಕೇಳಿ, ಪರೀಕ್ಷೆಯಲ್ಲಿ ಬರೆದು, ಬಹುಮಟ್ಟಿಗೆ ಮರೆತುಬಿಡುತ್ತಾರೆ. ಯಾವ ವಸ್ತುವನ್ನು ಕುರಿತಾದರೂ ‘ಇದು ನಿಂತಿದೆ’ ಎಂದೊಡನೆ ‘ಯಾವುದಕ್ಕೆ ಸಂಬಂಧಿಸಿದಂತೆ ನಿಂತಿದೆ?’ ಎಂಬ ಪ್ರಶ್ನೆ ಏಳಲೇಬೇಕು. ಆ ಪ್ರಶ್ನೆಯನ್ನು ಕೇಳದಿದ್ದರೆ ಹೇಳಿಕೆಗೆ ಅರ್ಥವೇ ಇರುವುದಿಲ್ಲ. ರೈಲು, ದೋಣಿ, ಗ್ರಹ ಇವುಗಳ ಹೊರತು ಬೇರೆಲ್ಲಿಯೂ ಈ ಪ್ರಶ್ನೆಗೆ ಕೆಲಸವಿಲ್ಲವೆಂದು ಭಾವಿಸಿರುವ ತರುಣ ವಾಚಕರು ತಮ್ಮ ಕೈಯಲ್ಲಿರುವ ಫೋನಿನ ಪರದೆಯನ್ನು ಒಮ್ಮೆ ಗಮನವಿಟ್ಟು ನೋಡಬೇಕು.

ಯಾವುದಾದರೊಂದು ಜಾಲತಾಣವನ್ನು ತೆರೆದರೆ ಅದರ ನೆತ್ತಿಯ ಮೇಲೆ ‘ಮುಖಪುಟ’, ‘ಪಾಠಗಳು’, ‘ಹುಡುಕಿ’ ಮುಂತಾದ ಮಾತುಗಳುಳ್ಳ ಒಂದು ಪಟ್ಟಿ ಕಾಣುತ್ತದೆ. ಇದಕ್ಕೆ ನ್ಯಾವಿಗೇಷನ್ ಬಾರ್ ಎಂದು ಹೆಸರು. ನಾವು ಇದನ್ನು ಮಾರ್ಗದರ್ಶಿ ಪಟ್ಟಿ ಎಂದು ಕರೆಯೋಣ. ದೊಡ್ಡ ಪರದೆಗಳಲ್ಲಿ ಎಡಕ್ಕೋ ಬಲಕ್ಕೋ ಇನ್ನೊಂದು ಪಟ್ಟಿ ಇರುವುದುಂಟು. ಅದು ಸೈಡ್‌ಬಾರ್, ಎಂದರೆ ಪಕ್ಕದ ಪಟ್ಟಿ. ಪುಟವು ಪರದೆಗಿಂತ ಉದ್ದವಾಗಿರುವುದರಿಂದ ಅದನ್ನು ಬೆರಳಿನಿಂದಲೋ ಮೌಸಿನ ಗಾಲಿಯಿಂದಲೋ ಮೇಲಕ್ಕೆ ಸರಿಸುತ್ತ ಓದಬೇಕಾಗುತ್ತದೆ. ಹಾಗೆ ಸರಿಸಿದಾಗ ಕೆಲವು ತಾಣಗಳಲ್ಲಿ ಪಟ್ಟಿಯು ಬರೆವಣಿಗೆಯ ಸಂಗಡವೇ ಮೇಲೇರಿ ಮರೆಯಾಗುತ್ತದೆ. ಮತ್ತೆ ಕೆಲವು ತಾಣಗಳಲ್ಲಿ ಬರೆವಣಿಗೆ ಮಾತ್ರ ಸರಿದು, ಪಟ್ಟಿ ನಿಂತಲ್ಲೇ ನಿಂತಿರುತ್ತದೆ. ಈಚೆಗೆ ಎರಡನೆಯ ಬಗೆಯೇ ವಾಡಿಕೆಯಾಗುತ್ತ ಬಂದಿದೆ.

ಈ ವಾಡಿಕೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಪಟ್ಟಿಯನ್ನು ನಿಲ್ಲಿಸುವುದು ತಪ್ಪಲ್ಲ. ಆದರೆ ಅದು ನಿಲ್ಲುವುದು ಓದುಗನ ಜಾಗದಲ್ಲಿ. ಆದುದರಿಂದ ಓದುಗನಿಗೆ ಪ್ರತಿಕ್ಷಣವೂ ಬೇಕಾಗುವುದನ್ನು ಮಾತ್ರ, ಬೇಕಾದಷ್ಟು ಹೊತ್ತು ಮಾತ್ರ ನಿಲ್ಲಿಸುವುದು ನ್ಯಾಯ. ಈ ಮಾತನ್ನು ಸಮರ್ಥಿಸಲು ನಿಲ್ಲಿಸುವ ಉಪಾಯದ ಒಳಗನ್ನು ಸ್ವಲ್ಪ ಪರಿಶೀಲಿಸಬೇಕು.

ರೈಲಿನ ಕಿಟಕಿಯ ಬಳಿ ಕುಳಿತವನಿಗೆ ಹೊರಗಿನ ಮರಗಳೂ ತಂತಿಕಂಬಗಳೂ ಹಿಂದಕ್ಕೆ ಓಡುತ್ತವೆ. ಕಿಟಕಿಯ ಸರಳುಗಳು ನಿಂತಿರುತ್ತವೆ. ಹಳಿಯ ಪಕ್ಕದ ಹೊಲದಲ್ಲಿರುವ ರೈತನಿಗಾದರೋ ಮರಗಳು ನಿಂತಿವೆ, ಸರಳುಗಳು ಓಡುತ್ತಿವೆ. ಇಬ್ಬರ ಮಾತೂ ನಿಜವೇ. 499ರಲ್ಲಿ ರಚಿತವಾದ ‘ಆರ್ಯಭಟೀಯ’ದಲ್ಲಿ ಆರ್ಯಭಟನು ದೋಣಿಯ ನಿದರ್ಶನವನ್ನು ಕೊಟ್ಟಿದ್ದಾನೆ. ಮುಂದೆ ಸಾಗುವ ದೋಣಿಯಲ್ಲಿರುವವನಿಗೆ ದಡದ ಅಚಲ ವಸ್ತುಗಳು ಹಿಂದಕ್ಕೆ ಹೋಗುವಂತೆ ತೋರುವ ಹಾಗೆ, ನಿಂತ ನಕ್ಷತ್ರಗಳು ಪಶ್ಚಿಮಕ್ಕೆ ಸಾಗುವಂತೆ ತೋರುತ್ತವೆ ಎಂಬುದು ಅದರ ತಾತ್ಪರ್ಯ. ಸಮವೇಗದಿಂದ ಸಾಗುವ ಹಡಗಿನ ಒಳಕೋಣೆಯಲ್ಲಿ ಎಷ್ಟು ಪ್ರಯೋಗ ಮಾಡಿದರೂ ಹಡಗು ಸಾಗುತ್ತಿದೆಯೋ ನಿಂತಿದೆಯೋ ತಿಳಿಯಲಾರದೆಂದು 1632ರಲ್ಲಿ ಗೆಲಿಲಿಯೊ ವಾದಿಸಿದನು. ಸ್ಥಾನವನ್ನೂ ಚಲನೆಯನ್ನೂ ಅಳೆಯಲು ಒಂದು ಆಧಾರ ಚೌಕಟ್ಟು ಬೇಕು ಎಂಬುದೇ ಇವೆಲ್ಲದರ ಸಾರ.

ಜಾಲಪುಟದಲ್ಲಿ ಇಂಥ ಎರಡು ಚೌಕಟ್ಟುಗಳಿವೆ. ಒಂದು, ಬರೆವಣಿಗೆಯೆಲ್ಲವೂ ಹರಡಿಕೊಂಡಿರುವ ಉದ್ದನೆಯ ಪುಟ. ಇದು ಹೊರಗಿನ ಹೊಲ. ಇನ್ನೊಂದು, ನಮ್ಮ ಕಣ್ಣೆದುರಿನ ಪರದೆ, ಇದು ಕಿಟಕಿ. ಇವೆರಡಕ್ಕೂ ಇರುವ ಸಂಬಂಧ ಬಹಳ ಸರಳವಾದುದು:

ಪರದೆಯಲ್ಲಿನ ಸ್ಥಾನ = ಪುಟದಲ್ಲಿನ ಸ್ಥಾನ − ಸರಿಸಿದ ದೂರ

ಒಂದು ಶೀರ್ಷಿಕೆಯು ಪುಟದ ತುದಿಯಿಂದ 900 ಪಿಕ್ಸೆಲ್ ಕೆಳಗಿದೆಯೆನ್ನೋಣ. ಪುಟವನ್ನು 700 ಪಿಕ್ಸೆಲ್ ಸರಿಸಿದರೆ ಅದು ಪರದೆಯ ತುದಿಯಿಂದ 200ರಲ್ಲಿ ಕಾಣುತ್ತದೆ. 900 ಸರಿಸಿದಾಗ ತುದಿಯನ್ನು ಮುಟ್ಟುತ್ತದೆ. 1000 ಸರಿಸಿದಾಗ ಬೆಲೆಯು ಋಣವಾಗಿ, ಶೀರ್ಷಿಕೆ ಕಣ್ಮರೆಯಾಗುತ್ತದೆ. ಈಗ ಪರದೆಯ ತುದಿಯಲ್ಲೇ ನಿಂತಿರುವ ಪಟ್ಟಿಯನ್ನು ನೋಡಿರಿ. ಪರದೆಯಲ್ಲಿ ಅದರ ಸ್ಥಾನ ಯಾವಾಗಲೂ ಸೊನ್ನೆ. ಹಾಗಾದರೆ ಪುಟದಲ್ಲಿ ಅದರ ಸ್ಥಾನವು ಸರಿಸಿದ ದೂರಕ್ಕೆ ಸಮನಾಗಿರಬೇಕು: 700 ಸರಿಸಿದಾಗ 700, 1000 ಸರಿಸಿದಾಗ 1000. ಎಂದರೆ, ನಾವು ‘ನಿಂತಿದೆ’ ಎನ್ನುವ ಪಟ್ಟಿಯು ಪುಟದ ಲೆಕ್ಕದಲ್ಲಿ ನಮ್ಮ ಬೆರಳಿನ ವೇಗದಲ್ಲೇ ಓಡುತ್ತಿದೆ! ಓಡುತ್ತ ಓಡುತ್ತ ತಾನು ಹಾದುಹೋಗುವ ಒಂದೊಂದು ಸಾಲನ್ನೂ ಮುಚ್ಚುತ್ತದೆ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಪಟ್ಟಿಯನ್ನು ನಿಲ್ಲಿಸುವ ಹಂಬಲ ಹೊಸದೇನೂ ಅಲ್ಲ. 1990ರ ದಶಕದ ಮಧ್ಯಭಾಗದಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ ಎಂಬ ಬ್ರೌಸರಿನ ಎರಡನೆಯ ಆವೃತ್ತಿಯಲ್ಲಿ ‘ಫ್ರೇಮ್’ ಎಂಬ ಏರ್ಪಾಡು ಬಂದಿತು. ಪರದೆಯನ್ನು ಎರಡು ಮೂರು ಕೋಣೆಗಳಾಗಿ ಹಂಚಿ, ಒಂದರಲ್ಲಿ ಪಟ್ಟಿಯನ್ನೂ ಇನ್ನೊಂದರಲ್ಲಿ ಬರೆವಣಿಗೆಯನ್ನೂ ಇಡುತ್ತಿದ್ದರು. ಕೋಣೆಗೊಂದು ಬೇರೆ ಪುಟವಾದುದರಿಂದ ಒಂದು ಸರಿದರೂ ಇನ್ನೊಂದು ಅಲುಗುತ್ತಿರಲಿಲ್ಲ. ಆದರೆ ವಿಳಾಸದ ಸಾಲಿನಲ್ಲಿ ಹೊರಮನೆಯ ವಿಳಾಸವಷ್ಟೇ ಕಾಣುತ್ತಿದ್ದುದರಿಂದ, ಓದುತ್ತಿದ್ದ ಪುಟವನ್ನು ಗುರುತಿಟ್ಟುಕೊಳ್ಳುವುದೂ ಸ್ನೇಹಿತನಿಗೆ ಕಳಿಸುವುದೂ ಕಷ್ಟವಾಗುತ್ತಿತ್ತು. 2014ರಲ್ಲಿ ಅಂಗೀಕೃತವಾದ ಐದನೆಯ ಎಚ್‌ಟಿಎಂಎಲ್ ಈ ಏರ್ಪಾಡನ್ನು ಬಳಕೆಗೆ ತಕ್ಕುದಲ್ಲವೆಂದು ಕೈಬಿಟ್ಟಿತು.

ಅಷ್ಟರಲ್ಲಿ ಇದಕ್ಕಿಂತ ಶುದ್ಧವಾದ ಮಾರ್ಗವೊಂದು ತೆರೆದಿತ್ತು. ಪುಟದ ವಿನ್ಯಾಸವನ್ನು ಹೇಳುವ ಭಾಷೆಗೆ ಸಿಎಸ್‌ಎಸ್ ಎಂದು ಹೆಸರು. 1998ರ ಮೇ ತಿಂಗಳಿನಲ್ಲಿ ಪ್ರಕಟವಾದ ಅದರ ಎರಡನೆಯ ನಿಯಮಾವಳಿಯಲ್ಲಿ ‘ಪೊಸಿಷನ್’ ಎಂಬ ಗುಣಕ್ಕೆ ನಾಲ್ಕು ಬೆಲೆಗಳನ್ನು ಗೊತ್ತುಮಾಡಿದರು. ‘ಸ್ಟ್ಯಾಟಿಕ್’ ಎಂದರೆ ಬರೆವಣಿಗೆಯ ಸಹಜ ಪ್ರವಾಹದಲ್ಲಿರುವುದು. ‘ರಿಲೇಟಿವ್’ ಎಂದರೆ ಆ ಸಹಜ ಸ್ಥಾನದಿಂದ ಇಷ್ಟು ದೂರ ಸರಿದಿರುವುದು. ‘ಆಬ್ಸಲ್ಯೂಟ್’ ಎಂದರೆ ತನ್ನನ್ನು ಒಳಗೊಂಡ ಒಂದು ಹೊರಪೆಟ್ಟಿಗೆಯಿಂದ ಅಳೆದ ಸ್ಥಾನದಲ್ಲಿರುವುದು. ಹೆಸರು ನಿರಪೇಕ್ಷವೆಂದಿದ್ದರೂ ಇದೂ ಸಾಪೇಕ್ಷವೇ ಎಂಬುದನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಕಂಡು ನಕ್ಕಾರು. ನಾಲ್ಕನೆಯದಾದ ‘ಫಿಕ್ಸೆಡ್’ ಎಂದರೆ ಪರದೆಯ ಕಿಟಕಿಯಿಂದ ಅಳೆದ ಸ್ಥಾನದಲ್ಲಿರುವುದು. ರೈಲಿನ ಸರಳು ಇದೇ. ನಿಯಮ ಬಂದಮಾತ್ರಕ್ಕೆ ಬಳಕೆ ಬರಲಿಲ್ಲ. 2001ರಲ್ಲಿ ಹೊರಬಂದು ಬಹುಕಾಲ ಎಲ್ಲೆಡೆಯೂ ಬಳಕೆಯಲ್ಲಿದ್ದ ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ಆರನೆಯ ಆವೃತ್ತಿಗೆ ‘ಫಿಕ್ಸೆಡ್’ ತಿಳಿಯುತ್ತಿರಲಿಲ್ಲ. 2006ರ ಏಳನೆಯ ಆವೃತ್ತಿಯಲ್ಲಿ ಅದು ಸೇರಿತು.

‘ಫಿಕ್ಸೆಡ್’ ಆದ ಪಟ್ಟಿ ಬರೆವಣಿಗೆಯ ಪ್ರವಾಹವನ್ನು ಬಿಟ್ಟು ಎದ್ದುಬಿಡುತ್ತದೆ. ಅದು ಕುಳಿತಿದ್ದ ಜಾಗವನ್ನು ಕೆಳಗಿನ ಸಾಲುಗಳು ಬಂದು ತುಂಬುತ್ತವೆ. ಮೊದಲ ಸಾಲುಗಳು ಪಟ್ಟಿಯ ಅಡಿಯಲ್ಲಿ ಹೂತುಹೋಗದಿರಬೇಕಾದರೆ ಅಷ್ಟು ಜಾಗವನ್ನು ಪುಟ ಕಟ್ಟುವವರು ಬೇರೆಯಾಗಿ ಬಿಟ್ಟಿರಬೇಕು. ಇನ್ನೊಂದು ಬಯಕೆಯೂ ಇತ್ತು: ಪಟ್ಟಿಯು ಮೊದಲು ಬರೆವಣಿಗೆಯೊಡನೆ ಸರಿಯಬೇಕು, ಪರದೆಯ ತುದಿಯನ್ನು ಮುಟ್ಟಿದ ಮೇಲೆ ನಿಲ್ಲಬೇಕು. ಇದಕ್ಕಾಗಿ ಜಾವಾಸ್ಕ್ರಿಪ್ಟಿನಲ್ಲಿ ಕಾವಲುಗಾರನನ್ನು ನೇಮಿಸುತ್ತಿದ್ದರು. ಪುಟ ಸರಿದಾಗಲೆಲ್ಲ ಅವನು ದೂರವನ್ನು ಅಳೆದು, ಸಮಯ ಬಂದೊಡನೆ ಪಟ್ಟಿಯನ್ನು ‘ಫಿಕ್ಸೆಡ್’ ಮಾಡಬೇಕು. ಪರದೆಯು ಸೆಕೆಂಡಿಗೆ 60 ಬಾರಿ ಚಿತ್ರವನ್ನು ಬದಲಿಸುವುದಾದರೆ ಒಂದೊಂದು ಚಿತ್ರಕ್ಕೂ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡು. ಅಷ್ಟರಲ್ಲಿ ಲೆಕ್ಕ ಮುಗಿಯದಿದ್ದರೆ ಪಟ್ಟಿ ಅದುರುತ್ತಿತ್ತು. ಪ್ರವಾಹದಿಂದ ಅದು ಏಳುವ ಕ್ಷಣದಲ್ಲಿ ಬರೆವಣಿಗೆ ಒಮ್ಮೆಗೇ ಮೇಲಕ್ಕೆ ಹಾರುತ್ತಿತ್ತು. ಓದುವವನ ಕಣ್ಣು ಸಾಲು ತಪ್ಪುತ್ತಿತ್ತು.

ಇದಕ್ಕೆ ಪರಿಹಾರವಾಗಿ ಬಂದುದು ‘ಸ್ಟಿಕಿ’ ಎಂಬ ಐದನೆಯ ಬೆಲೆ. ಸಫಾರಿ 2013ರಲ್ಲಿಯೂ, ಫೈರ್‌ಫಾಕ್ಸ್ 2014ರಲ್ಲಿಯೂ, ಕ್ರೋಮ್ 2017ರಲ್ಲಿಯೂ ಇದನ್ನು ಅಳವಡಿಸಿಕೊಂಡವು. ‘ಸ್ಟಿಕಿ’ ಪಟ್ಟಿಯು ಪ್ರವಾಹದಲ್ಲಿನ ತನ್ನ ಜಾಗವನ್ನು ಬಿಟ್ಟುಕೊಡುವುದಿಲ್ಲ. ತನ್ನ ಸಹಜ ಸ್ಥಾನವು ಪರದೆಯ ಗೊತ್ತಾದ ಗೆರೆಯನ್ನು ಮುಟ್ಟುವವರೆಗೂ ಅದು ಬರೆವಣಿಗೆಯ ಸಂಗಡ ಸರಿಯುತ್ತದೆ; ಅಲ್ಲಿಂದ ಮುಂದೆ ಆ ಗೆರೆಗೆ ಅಂಟಿಕೊಳ್ಳುತ್ತದೆ; ತನ್ನ ಹೊರಪೆಟ್ಟಿಗೆ ಮುಗಿಯುತ್ತಲೂ ಅದರ ಸಂಗಡವೇ ಹೊರಟುಹೋಗುತ್ತದೆ. 2000 ಪಿಕ್ಸೆಲ್ ಎತ್ತರದ ಅಧ್ಯಾಯವೊಂದರ ತಲೆಯಲ್ಲಿ 60 ಪಿಕ್ಸೆಲ್ ಎತ್ತರದ ಶೀರ್ಷಿಕೆ ಇದ್ದರೆ, ಅದು ಅಂಟಿಕೊಂಡು ಸಾಗುವ ದೂರ 1940 ಪಿಕ್ಸೆಲ್. ‘ಫಿಕ್ಸೆಡ್’ ಎಂಬುದು ಕಿಟಕಿಯ ಸರಳಾದರೆ, ‘ಸ್ಟಿಕಿ’ ಎಂಬುದು ಒಂದು ನಿಲ್ದಾಣದಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿದುಹೋಗುವ ಸಹಪ್ರಯಾಣಿಕ. ನಮ್ಮ ಮಟ್ಟಿಗೆ ಸಹಪ್ರಯಾಣಿಕನೇ ಮೇಲು.

ಪುಟಗಳನ್ನು ಕಟ್ಟಲು ಕಲಿಯುತ್ತಿರುವ ವಿದ್ಯಾರ್ಥಿಗಳು ಇಲ್ಲಿ ಒಂದು ತೊಡಕನ್ನು ಎದುರಿಸುತ್ತಾರೆ. ನಿಲ್ಲೆಂದು ಹೇಳಿದರೂ ಪಟ್ಟಿ ನಿಲ್ಲುವುದಿಲ್ಲ. ‘ಫಿಕ್ಸೆಡ್’ ಪಟ್ಟಿಯ ಹೊರಪೆಟ್ಟಿಗೆಗಳಲ್ಲೊಂದಕ್ಕೆ ತಿರುಗಿಸುವ ಅಥವಾ ಹಿಗ್ಗಿಸುವ ‘ಟ್ರಾನ್ಸ್‌ಫಾರ್ಮ್’ ಗುಣವನ್ನು ಕೊಟ್ಟಿದ್ದರೆ, ಪಟ್ಟಿಯು ಪರದೆಯನ್ನು ಬಿಟ್ಟು ಆ ಪೆಟ್ಟಿಗೆಯನ್ನೇ ಆಧಾರವಾಗಿ ಹಿಡಿಯುತ್ತದೆ. ‘ಸ್ಟಿಕಿ’ ಪಟ್ಟಿಯ ಹೊರಪೆಟ್ಟಿಗೆಗೆ ಹೆಚ್ಚಾದುದನ್ನು ಮರೆಮಾಡುವ ‘ಓವರ್‌ಫ್ಲೋ ಹಿಡನ್’ ಗುಣವಿದ್ದರೆ, ಪಟ್ಟಿಯು ಆ ಪೆಟ್ಟಿಗೆಗೆ ಅಂಟುತ್ತದೆ. ಪೆಟ್ಟಿಗೆಯೇ ಸರಿದುಹೋಗುವುದರಿಂದ ಪಟ್ಟಿಯೂ ಹೋಗುತ್ತದೆ. ಯಂತ್ರವು ಇಲ್ಲಿ ತಪ್ಪಿಲ್ಲ. ಆಧಾರ ಚೌಕಟ್ಟು ಸದ್ದಿಲ್ಲದೆ ಬದಲಾಗಿದೆ. ಯಾರದೋ ಸೂತ್ರವನ್ನು ನಕಲು ಮಾಡಿದವನು ಇಲ್ಲಿ ತಲೆ ಚಚ್ಚಿಕೊಳ್ಳುತ್ತಾನೆ; ‘ಯಾವುದಕ್ಕೆ ಸಂಬಂಧಿಸಿದಂತೆ?’ ಎಂದು ಕೇಳಲು ಕಲಿತವನು ಹೊರಪೆಟ್ಟಿಗೆಗಳನ್ನು ಒಂದೊಂದಾಗಿ ಪರೀಕ್ಷಿಸಿ ದೋಷವನ್ನು ಹಿಡಿಯುತ್ತಾನೆ.

ಇಷ್ಟು ಶ್ರಮಪಟ್ಟು ನಿಲ್ಲಿಸುವುದರಿಂದ ಪ್ರಯೋಜನವುಂಟೆ? ಉಂಟು, ನಿಜವಾಗಿಯೂ ಉಂಟು. ಕೈಯು ಒಂದು ಗುರಿಯನ್ನು ಮುಟ್ಟಲು ಬೇಕಾಗುವ ಕಾಲವು ಗುರಿಯ ದೂರ ಹೆಚ್ಚಿದಷ್ಟೂ, ಅದರ ಅಗಲ ಕುಗ್ಗಿದಷ್ಟೂ ಹೆಚ್ಚುತ್ತದೆಂದು ಪಾಲ್ ಫಿಟ್ಸ್ ಎಂಬ ಮನೋವಿಜ್ಞಾನಿ 1954ರಲ್ಲಿ ತೋರಿಸಿದನು. ನಿಂತ ಪಟ್ಟಿ ಯಾವಾಗಲೂ ಕೈಗೆ ಅಷ್ಟೇ ದೂರದಲ್ಲಿರುತ್ತದೆ. ಸರಿದುಹೋದ ಪಟ್ಟಿಯನ್ನು ಮುಟ್ಟಬೇಕಾದರೆ ಮೊದಲು ಪುಟವನ್ನೆಲ್ಲ ಹಿಂದಕ್ಕೆ ಎಳೆಯಬೇಕು. ಉದ್ದವಾದ ಕೋಷ್ಟಕದಲ್ಲಂತೂ ನಿಂತ ತಲೆಸಾಲು ಒಂದು ವರವೇ ಸರಿ. ಮೂಲವಸ್ತುಗಳ ಗುಣಗಳನ್ನು ಹೇಳುವ 118 ಸಾಲುಗಳ ಕೋಷ್ಟಕದಲ್ಲಿ ಎಪ್ಪತ್ತನೆಯ ಸಾಲಿಗೆ ಬಂದಾಗ, ಈ ಅಂಕಿ ಕರಗುವ ಬಿಂದುವೋ ಕುದಿಯುವ ಬಿಂದುವೋ ಎಂಬುದು ಮರೆತುಹೋದರೆ ಕೋಷ್ಟಕದಿಂದ ಏನು ಫಲ? ಅಚ್ಚಿನವರು ಈ ಮರ್ಮವನ್ನು ಎಂದೋ ಅರಿತಿದ್ದರು. ಕೋಷ್ಟಕ ಮುಂದಿನ ಪುಟಕ್ಕೆ ಹರಿದಾಗ ತಲೆಸಾಲನ್ನು ಮತ್ತೆ ಅಚ್ಚುಹಾಕುವುದೂ, ನಿಘಂಟಿನ ಪ್ರತಿ ಪುಟದ ನೆತ್ತಿಯಲ್ಲಿ ಮೊದಲ ಮತ್ತು ಕೊನೆಯ ಶಬ್ದಗಳನ್ನು ಕೊಡುವುದೂ ಈ ಉದ್ದೇಶದಿಂದಲೇ.

ಪಕ್ಕದ ಪಟ್ಟಿಗೂ ಒಳ್ಳೆಯ ನಿದರ್ಶನವೊಂದಿದೆ. 2023ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯಾವು ದೊಡ್ಡ ಪರದೆಗಳಿಗಾಗಿ ಹೊಸ ವಿನ್ಯಾಸವನ್ನು ಜಾರಿಗೆ ತಂದಾಗ, ಲೇಖನದ ವಿಷಯಸೂಚಿಯನ್ನು ಎಡಪಕ್ಕಕ್ಕೆ ತಂದು, ಓದು ಮುಂದುವರಿದಂತೆ ಅದು ಜೊತೆಯಲ್ಲೇ ಇರುವಂತೆ ಮಾಡಿತು. ಓದುತ್ತಿರುವ ಭಾಗದ ಹೆಸರು ಅದರಲ್ಲಿ ಎದ್ದು ಕಾಣುತ್ತದೆ. ಪರದೆ ಕಿರಿದಾದರೆ ಸೂಚಿಯು ಒಂದು ಸಣ್ಣ ಗುಂಡಿಯೊಳಗೆ ಅಡಗಿಕೊಳ್ಳುತ್ತದೆ. ‘ನೀನು ಇಲ್ಲಿದ್ದೀಯೆ’ ಎಂದು ಹೇಳುವ ಪಟ್ಟಿ ಓದುಗನ ಸೇವಕ. ಜಾಗ ಸಾಲದಾದಾಗ ತಾನೇ ಪಕ್ಕಕ್ಕೆ ಸರಿಯುವುದು ಸೇವಕನ ಸೌಜನ್ಯ.

ಎಲ್ಲ ಪಟ್ಟಿಗಳಿಗೂ ಈ ಸೌಜನ್ಯವಿಲ್ಲ. ಲೆಕ್ಕ ಮಾಡಿಯೇ ನೋಡೋಣ. ಒಂದು ಸಾಧಾರಣ ಫೋನಿನಲ್ಲಿ ಪುಟಕ್ಕೆ ದೊರೆಯುವ ಜಾಗ 360 ಪಿಕ್ಸೆಲ್ ಅಗಲ, 640 ಪಿಕ್ಸೆಲ್ ಎತ್ತರ ಎಂದಿಟ್ಟುಕೊಳ್ಳಿರಿ. ಮೇಲೆ 56ರ ಮಾರ್ಗದರ್ಶಿ ಪಟ್ಟಿ, ಕೆಳಗೆ 56ರ ಇನ್ನೊಂದು ಪಟ್ಟಿ, ಅದರ ಮೇಲೆ 80ರ ಜಾಹೀರಾತು, ಒಟ್ಟು 192. ಪರದೆಯ 100ಕ್ಕೆ 30 ಪಾಲು ಹೋಯಿತು. ಉಳಿದುದು 448. ಏಳು ಬಾರಿ ಸರಿಸಿ ಮುಗಿಸಬಹುದಾಗಿದ್ದ ಪಾಠಕ್ಕೆ ಈಗ ಹತ್ತು ಬಾರಿ ಸರಿಸಬೇಕು. ಚಿತ್ರವೊಂದನ್ನು ದೊಡ್ಡದಾಗಿ ನೋಡಲು ಫೋನನ್ನು ಅಡ್ಡ ತಿರುಗಿಸಿದರೆ ಎತ್ತರ 360ಕ್ಕೆ ಇಳಿಯುತ್ತದೆ. ಪಟ್ಟಿಗಳು ಮಾತ್ರ ಇಳಿಯುವುದಿಲ್ಲ. ಆಗ ಅರ್ಧಕ್ಕಿಂತ ಹೆಚ್ಚು ಪರದೆ ಅವುಗಳ ವಶ. ನಮ್ಮ ಕನ್ನಡಕ್ಕೆ ಇದರ ಬಿಸಿ ಇನ್ನೂ ಹೆಚ್ಚು. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂದು ಬರೆದಾಗ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು. ಒಂದು ಪರದೆಯಲ್ಲಿ ಮೊದಲೇ ಕೆಲವೇ ಸಾಲುಗಳು ಹಿಡಿಸುವಾಗ, ಅದರಲ್ಲೂ ಮೂರರಲ್ಲೊಂದು ಪಾಲನ್ನು ಕಳೆದುಕೊಳ್ಳುವುದು ಸಣ್ಣ ನಷ್ಟವಲ್ಲ.

ಇದಕ್ಕಿಂತ ಗಂಭೀರವಾದ ಸಂಗತಿಯೊಂದಿದೆ. ದೃಷ್ಟಿ ಮಂದವಾಗಿರುವ ವಿದ್ಯಾರ್ಥಿಯು 1280 ಪಿಕ್ಸೆಲ್ ಅಗಲ, 1024 ಎತ್ತರದ ಗಣಕದ ಪರದೆಯಲ್ಲಿ ಪುಟವನ್ನು ನಾಲ್ಕರಷ್ಟು ಹಿಗ್ಗಿಸಿಕೊಂಡು ಓದುತ್ತಾನೆ. ಅವನ ಪಾಲಿಗೆ ಆ ಪರದೆಯು 320 ಅಗಲ, 256 ಎತ್ತರದ ಪರದೆಗೆ ಸಮ. ನಮಗೆ ತೆಳ್ಳಗೆ ಕಂಡ 80 ಪಿಕ್ಸೆಲ್‌ನ ಪಟ್ಟಿಯೂ ನಾಲ್ಕರಷ್ಟು ಹಿಗ್ಗಿ, ಅವನ ಕಿಟಕಿಯ ಸುಮಾರು ಮೂರನೆಯ ಒಂದು ಭಾಗವನ್ನು ಮುಚ್ಚುತ್ತದೆ. ಕೈ ನಡುಗುವವರು ಮೌಸನ್ನು ಬಿಟ್ಟು ಕೀಲಿಮಣೆಯಿಂದಲೇ ಕೊಂಡಿಯಿಂದ ಕೊಂಡಿಗೆ ಸಾಗುತ್ತಾರೆ. ಅವರು ತಲಪಿದ ಕೊಂಡಿಯು ನಿಂತ ಪಟ್ಟಿಯ ಅಡಿಯಲ್ಲಿ ಅಡಗಿದ್ದರೆ, ತಾವು ಎಲ್ಲಿದ್ದೇವೆಂಬುದೇ ಅವರಿಗೆ ತಿಳಿಯದು. ಜಾಲಪುಟಗಳ ಸುಗಮ ಬಳಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯ 2.2ನೆಯ ಆವೃತ್ತಿ 2023ರ ಅಕ್ಟೋಬರಿನಲ್ಲಿ ಹೊರಬಂದಾಗ, ಹೀಗೆ ಪೂರ್ತಿಯಾಗಿ ಮರೆಯಾಗಬಾರದೆಂಬ ನಿಯಮವನ್ನು ಅದರಲ್ಲಿ ಹೊಸದಾಗಿ ಸೇರಿಸಿದರು. ಪುಟ ಕಟ್ಟುವವನ ದೊಡ್ಡ ಪರದೆಯಲ್ಲಿ ಪಟ್ಟಿಯು ಚಿಕ್ಕದಾಗಿಯೇ ಕಾಣುತ್ತದೆ. ಆದರೆ ಅಳತೆ ಮಾಡಬೇಕಾದ ಚೌಕಟ್ಟು ಕಟ್ಟುವವನದಲ್ಲ, ಓದುವವನದು.

‘ಪಟ್ಟಿ ನಿಲ್ಲದಿದ್ದರೆ ನಮ್ಮ ತಾಣದ ಹೆಸರನ್ನು ಜನ ಮರೆಯುತ್ತಾರೆ, ಕೊಳ್ಳುವ ಗುಂಡಿಯನ್ನು ಒತ್ತುವುದಿಲ್ಲ’ ಎಂದು ವ್ಯಾಪಾರಸ್ಥರು ವಾದಿಸಬಹುದು. ಅವರ ಲಾಭನಷ್ಟವನ್ನು ಅವರೇ ಬಲ್ಲರು. ಆದರೆ ಪಾಠ, ಸುದ್ದಿ, ಫಲಿತಾಂಶ, ಸರಕಾರದ ಪ್ರಕಟಣೆ ಇವುಗಳನ್ನು ಓದಲು ಬಂದವನು ಗ್ರಾಹಕನಲ್ಲ. ಗ್ರಂಥಾಲಯದಲ್ಲಿ ಪುಸ್ತಕ ಓದುತ್ತಿರುವವನ ಹಾಳೆಯ ಮೇಲೆ ಗ್ರಂಥಾಲಯದ ಹೆಸರಿನ ಫಲಕವನ್ನು ಹಿಡಿದುಕೊಂಡು ಯಾರಾದರೂ ನಿಂತರೆ ನಾವು ಸಹಿಸುವೆವೆ? ಪರದೆಯ ಮೇಲಾದರೆ ಏಕೆ ಸಹಿಸಬೇಕು?

ಆದುದರಿಂದ ಶಾಲೆಯ ಪುಟವನ್ನೋ ಕಾಲೇಜಿನ ಸಂಘದ ಪುಟವನ್ನೋ ಕಟ್ಟಹೊರಟ ವಿದ್ಯಾರ್ಥಿಗಳಿಗೆ ಮೂರು ಪ್ರಶ್ನೆಗಳನ್ನು ಸೂಚಿಸುತ್ತೇವೆ. ಮೊದಲನೆಯದು: ಈ ಪಟ್ಟಿ ಓದುಗನಿಗೆ ಓದಿನ ನಡುವೆ ಮತ್ತೆ ಮತ್ತೆ ಬೇಕೆ? ಕೋಷ್ಟಕದ ತಲೆಸಾಲು, ದೀರ್ಘ ಪಾಠದ ವಿಷಯಸೂಚಿ ಬೇಕು. ಲಾಂಛನವೂ ಘೋಷವಾಕ್ಯವೂ ಬೇಡ. ಎರಡನೆಯದು: ಅತ್ಯಂತ ಚಿಕ್ಕ ಪರದೆಯಲ್ಲಿ, ಅತ್ಯಂತ ಹಿಗ್ಗಿಸಿದ ಸ್ಥಿತಿಯಲ್ಲಿ ಇದು ಎಷ್ಟು ಪಾಲನ್ನು ನುಂಗುತ್ತದೆ? ಪರದೆಯ ಎತ್ತರವನ್ನು ನೋಡಿ, ಸಾಲದಿದ್ದರೆ ಪಟ್ಟಿಯನ್ನು ಪ್ರವಾಹಕ್ಕೆ ಮರಳಿಸುವ ನಿಯಮವನ್ನು ಸಿಎಸ್‌ಎಸ್‌ನಲ್ಲಿ ಎರಡು ಮೂರು ಸಾಲುಗಳಲ್ಲಿ ಬರೆಯಬಹುದು. ಮೂರನೆಯದು: ಇದು ಏನನ್ನು ಮುಚ್ಚುತ್ತದೆ? ಕೊಂಡಿಯನ್ನು ಒತ್ತಿ ಒಂದು ಶೀರ್ಷಿಕೆಗೆ ಹಾರಿದಾಗ ಆ ಶೀರ್ಷಿಕೆಯೇ ಪಟ್ಟಿಯ ಹಿಂದೆ ಅಡಗುವುದುಂಟು. ‘ಸ್ಕ್ರೋಲ್ ಪ್ಯಾಡಿಂಗ್’ ಎಂಬ ಗುಣಕ್ಕೆ ಪಟ್ಟಿಯ ಎತ್ತರವನ್ನು ಕೊಟ್ಟರೆ ಈ ದೋಷ ತೊಲಗುತ್ತದೆ. ಪುಟವನ್ನು ಕಾಗದದ ಮೇಲೆ ಅಚ್ಚು ತೆಗೆದಾಗ ‘ಫಿಕ್ಸೆಡ್’ ಪಟ್ಟಿಯು ಪ್ರತಿ ಹಾಳೆಯಲ್ಲೂ ಮರುಕಳಿಸಬೇಕೆಂಬುದು 1998ರ ನಿಯಮಾವಳಿಯಲ್ಲೇ ಇದೆ. ಆದುದರಿಂದ ಅಚ್ಚಿಗೆ ಬೇರೆ ನಿಯಮ ಬರೆದು ಅದನ್ನು ತೆಗೆದುಹಾಕಬೇಕು. ಇಲ್ಲವಾದರೆ ಟಿಪ್ಪಣಿಯ ಹಾಳೆಹಾಳೆಯಲ್ಲೂ ಕೆಲವು ಸಾಲು ಮಾಯವಾದೀತು.

ಈ ಕೆಲಸ ಯಾವುದೂ ಕಷ್ಟವಾದುದಲ್ಲ. ಬೇಕಾಗಿರುವುದು ಒಂದು ಅಭ್ಯಾಸ ಮಾತ್ರ: ನಾವು ನಿಲ್ಲಿಸಿದ್ದನ್ನು ಇನ್ನೊಬ್ಬನ ಕಿಟಕಿಯಲ್ಲಿ ಕುಳಿತು ನೋಡುವ ಅಭ್ಯಾಸ. ಆಧಾರ ಚೌಕಟ್ಟನ್ನು ಬದಲಿಸಿ ನೋಡುವುದನ್ನು ಭೌತವಿಜ್ಞಾನ ಕಲಿಸುತ್ತದೆ. ಅದನ್ನು ದೋಣಿ ಮತ್ತು ರೈಲುಗಳ ಲೆಕ್ಕಕ್ಕಷ್ಟೇ ಮೀಸಲಿಡದೆ, ಮುಂದಿನ ಬಾರಿ ಒಂದು ಪುಟವನ್ನು ಕಟ್ಟಿದಾಗ ಗೆಳೆಯನೊಬ್ಬನ ಚಿಕ್ಕ ಫೋನಿನಲ್ಲಿ ತೆರೆದು, ಅಕ್ಷರಗಳನ್ನು ದೊಡ್ಡದು ಮಾಡಿ, ಎಷ್ಟು ಸಾಲು ಕಾಣುತ್ತದೆಂದು ಎಣಿಸಿ ನೋಡಿರಿ. ಸಾಲುಗಳು ಸಾಲದಾದರೆ ಪಟ್ಟಿಯನ್ನು ಸರಿಯಗೊಡಿರಿ.